ಮನೆಗೆ ಟ್ರೆಡ್‌ಮಿಲ್ಲಾ, ಸೈಕಲ್ಲಾ? ತಂದು ಬಳಸುತ್ತಿರುವವರು ಮಾತ್ರ ಹೇಳಿ

ತಿಲಕವಾಡಿ ವೈನಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಕ್ತ ಪರೀಕ್ಷೆ ಮಾಡಿಸಿದೆ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 6.1 ಬಂದಿದೆ. ಡಾಕ್ಟರು ಮಾತ್ರೆ ಬರೆಯಲಿಲ್ಲ. "ದಿನಾ ನಡೆಯಿರಿ, ಊಟ ಸ್ವಲ್ಪ ನೋಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ" ಎಂದರು. ನಡೆಯುವುದಕ್ಕೆ ನನಗೆ ಬೇಸರವೇನಿಲ್ಲ. ವ್ಯಾಕ್ಸಿನ್ ಡಿಪೋ ಮೈದಾನ ಮನೆಗೆ ಹತ್ತಿರವೇ ಇದೆ. ಆದರೆ ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಪ್ರತಿ ವರ್ಷ ಮಳೆಗೆ ನಿಂತ ನಡಿಗೆ ಮತ್ತೆ ಶುರುವಾಗುವುದು ದೀಪಾವಳಿ ಮುಗಿದ ಮೇಲೆ.

ಹಾಗಾಗಿ ಮನೆಗೇ ಒಂದು ಯಂತ್ರ ತರೋಣ ಎಂದು ವಿಚಾರ. ಯಜಮಾನರಿಗೆ ಟ್ರೆಡ್‌ಮಿಲ್ಲೇ ಬೇಕು. ಮಗಳು ಸೈಕಲ್ ಅನ್ನುತ್ತಾಳೆ. ತಂಗಿ ಕ್ರಾಸ್ ಟ್ರೇನರ್ (ನಿಂತು ಪೆಡಲ್ ತುಳಿಯುತ್ತಾ ಕೈಯನ್ನೂ ಆಡಿಸುವ ಯಂತ್ರ) ಅಂತ ಹಟ ಹಿಡಿದಿದ್ದಾಳೆ, ಅವಳ ಮನೆಗೇನೂ ತರುವುದಿಲ್ಲ. ಅತ್ತೆಗೆ 68, ಮೊಣಕಾಲು ನೋವಿದೆ. ಅವರಿಗೂ ಉಪಯೋಗ ಆದರೆ ಒಳ್ಳೆಯದು. ಎರಡನೇ ಮಹಡಿ, ಲಿಫ್ಟ್ ಇಲ್ಲ. ಬಜೆಟ್ 30 ಸಾವಿರ.

ಒಂದು ವಿನಂತಿ. ಕನಿಷ್ಠ ಒಂದು ಮಳೆಗಾಲ ದಾಟಿಸಿದವರು ಹೇಳಿ. ಬಟ್ಟೆ ಒಣಹಾಕುವ ಜೋಕ್ ಬೇಡ, ಅದನ್ನು ಯಜಮಾನರೇ ದಿನಾ ಹೇಳುತ್ತಿದ್ದಾರೆ.

ಶೇಂಗಾ ಹಿಂಡಿ

ಆ ಜೋಕ್ ಬಿಟ್ಟರೆ ನನ್ನ ಹತ್ತಿರ ಹೇಳೋಕೆ ಏನೂ ಇಲ್ಲ ವೈನಿ 😄

ಹಿಂಡಲಗಾ ರನ್ನರ್

ಟ್ರೆಡ್‌ಮಿಲ್ ತಗೊಳ್ಳಿ, ಬೇರೆ ಯೋಚನೆ ಬೇಡ. ನಿಮಗೆ ನಡೆಯುವುದು ಇಷ್ಟ ಎಂದು ನೀವೇ ಹೇಳಿದ್ದೀರಿ. ಮೈದಾನದಲ್ಲಿ ನಡೆಯುವವರು ಮನೆಯಲ್ಲೂ ನಡೆಯುತ್ತಾರೆ. ಸೈಕಲ್ ತುಳಿಯುವುದು ಬೇರೆ ಅಭ್ಯಾಸ, ಮೊದಲ ಎರಡು ವಾರ ಸೀಟಿನ ನೋವಿಗೇ ಅರ್ಧ ಜನ ಬಿಡುತ್ತಾರೆ. ನನ್ನ ಹತ್ತಿರ 4 ಎಚ್‌ಪಿ ಮೋಟರ್ ಇದೆ. ಮಳೆಗಾಲದಲ್ಲಿ ಅದರ ಮೇಲೇ ಓಡುತ್ತೇನೆ, ಒಂದು ದಿನವೂ ಕಾಟ ಕೊಟ್ಟಿಲ್ಲ.

ಜೋಳದ ರೊಟ್ಟಿ

ಯಂತ್ರ ಯಾಕ್ರೀ ಬೇಕು? ಎರಡನೇ ಮಹಡಿ ಅಂತೀರಿ. ಮೆಟ್ಟಿಲು ಇವೆಯಲ್ಲ! ದಿನಾ ಹತ್ತು ಸಲ ಹತ್ತಿ ಇಳಿದರೆ ಖರ್ಚು ಸೊನ್ನೆ. ನಮ್ಮ ಅಜ್ಜಿ ಬೀಸುವ ಕಲ್ಲಿನಲ್ಲಿ ಜೋಳ ಬೀಸುತ್ತಿದ್ದಳು, ಬಾವಿಯಿಂದ ನೀರು ಸೇದುತ್ತಿದ್ದಳು. ಯಾವ ಸಕ್ಕರೆ ಕಾಯಿಲೆಯೂ ಇರಲಿಲ್ಲ.

ಶೇಂಗಾ ಹಿಂಡಿ

ಅಕ್ಕಾರ, ನೀವು ಈಗ ಜೋಳ ಬೀಸುತ್ತೀರೋ, ಗಿರಣಿಗೆ ಕೊಡುತ್ತೀರೋ?

ಜೋಳದ ರೊಟ್ಟಿ

ಗಿರಣಿಗೆ. ಆದರೆ ಹೊತ್ತುಕೊಂಡು ನಡೆದು ಹೋಗುತ್ತೇನೆ 😤

ನವನಗರ ಸೆಕ್ಟರ್

ಬಾಗಲಕೋಟೆಯಿಂದ. ಟ್ರೆಡ್‌ಮಿಲ್ ತಂದು ಮೂರನೇ ಬೇಸಿಗೆ, ಈಗಲೂ ಬಳಕೆಯಲ್ಲಿದೆ. ನಿಮಗೆ ಮಳೆ, ನಮಗೆ ಬಿಸಿಲು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಬೆಳಗಿನ ಏಳಕ್ಕೇ ರಸ್ತೆ ಕಾಯುತ್ತದೆ.

ಇದು ನನಗೆ ಒಗ್ಗಿದ್ದು ಯಾಕೆ ಅಂತ ಯೋಚಿಸಿದ್ದೇನೆ. ಮೊದಲು ಅದನ್ನು ಮಾಳಿಗೆ ಮೇಲಿನ ರೂಮಿನಲ್ಲಿ ಇಡೋಣ ಎಂದಿದ್ದೆವು. "ಮೇಲೆ ಹತ್ತಿ ಹೋಗಿ ಯಾರು ನಡೀತಾರೆ" ಎಂದು ನಮ್ಮವ್ವ ಬೇಡ ಅಂದಳು. ಕೊನೆಗೆ ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಇಟ್ಟೆವು. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಬೇಕೆಂದರೆ ಅದರ ಪಕ್ಕ ಹಾದೇ ಹೋಗಬೇಕು. ಹಾಗೇ ಹತ್ತಿಬಿಡುತ್ತೇನೆ. ಇದೇ ಯಂತ್ರ ನಮ್ಮ ಭಾವನ ಮನೆಯಲ್ಲೂ ಇದೆ. ಮಾಡೆಲ್ಲೂ ಅದೇ, ಅಂಗಡಿಯೂ ಅದೇ. ಅಲ್ಲಿ ಮಡಚಿ ಗೋಡೆಗೆ ಆನಿಸಿ, ಮೇಲೊಂದು ಚಾದರ ಹೊದಿಸಿದ್ದಾರೆ. ಮಡಚಿದ್ದನ್ನು ದಿನಾ ಬಿಚ್ಚುವುದಕ್ಕೆ ಯಾರೂ ಹೋಗುವುದಿಲ್ಲ. "ಫೋಲ್ಡಬಲ್" ಎಂಬ ಮಾತಿಗೆ ಮರುಳಾಗಬೇಡಿ, ಬಿಚ್ಚಿಟ್ಟೇ ಇರಲು ಜಾಗ ಇದ್ದರೆ ಮಾತ್ರ ತನ್ನಿ.

ಇನ್ನೊಂದು, ವೋಲ್ಟೇಜ್. ಸಂಜೆ ಎಲ್ಲರ ಮನೆಯ ಕೂಲರ್, ಎಸಿ ಶುರುವಾದಾಗ ನಮ್ಮಲ್ಲಿ ತುಂಬಾ ಇಳಿಯುತ್ತದೆ. ಒಮ್ಮೆ ಕಂಟ್ರೋಲ್ ಬೋರ್ಡ್ ಸುಟ್ಟಿತು. ಈಗ ಸ್ಟೆಬಿಲೈಸರ್ ಹಾಕಿದ್ದೇನೆ. ಅದರ ಖರ್ಚನ್ನೂ ಬಜೆಟ್‌ನಲ್ಲಿ ಸೇರಿಸಿಕೊಳ್ಳಿ.

ರಿಪೇರಿ ಕಾಕಾ

ನಾನು ಇಂಥ ಯಂತ್ರ ರಿಪೇರಿ ಮಾಡುವವನು, ಶಹಾಪುರ ಕಡೆ. ಮೇಲೆ ಹಿಂಡಲಗಾದ ತಮ್ಮ 4 ಎಚ್‌ಪಿ ಅಂದ. ತಮ್ಮಾ, ಆ 4 ಪೀಕ್ ಎಚ್‌ಪಿ ಇರುತ್ತದೆ. ಅಂದರೆ ಒಂದು ಗಳಿಗೆ ಎಳೆಯಬಹುದಾದ ಶಕ್ತಿ. ನೋಡಬೇಕಾದ್ದು ಕಂಟಿನ್ಯುವಸ್ ಎಚ್‌ಪಿ, ಅಂದರೆ ಅರ್ಧ ಗಂಟೆ ಸತತ ತಿರುಗಿದರೂ ಬಿಸಿಯಾಗದೆ ಕೊಡುವ ಶಕ್ತಿ. ಅದನ್ನು ಡಬ್ಬಿ ಮೇಲೆ ದೊಡ್ಡದಾಗಿ ಬರೆಯುವುದಿಲ್ಲ, ಪುಸ್ತಕದ ಒಳಗೆ ಸಣ್ಣಕ್ಷರದಲ್ಲಿ ಹುಡುಕಬೇಕು. ನಡೆಯುವವರಿಗೆ ಕಂಟಿನ್ಯುವಸ್ 1.5ರಿಂದ 2 ಸಾಕು. ಓಡುವವರಿಗೆ 2.5, 3 ಬೇಕು.

ಹಿಂಡಲಗಾ ರನ್ನರ್

ಕಾಕಾ, ನನ್ನದು ನಿಜವಾದ 4. ಅಂಗಡಿಯವರು ಖುದ್ದು ಹೇಳಿದ್ದಾರೆ.

ರಿಪೇರಿ ಕಾಕಾ

ಲೆಕ್ಕ ಮಾಡೋಣ. 1 ಎಚ್‌ಪಿ ಅಂದರೆ 746 ವ್ಯಾಟ್. 4 ಎಚ್‌ಪಿ ಅಂದರೆ ಹತ್ತಿರ ಹತ್ತಿರ 3,000 ವ್ಯಾಟ್. ನೀನು ಯಾವ ಪ್ಲಗ್‌ಗೆ ಹಾಕಿದ್ದೀ? ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗಾ?

ಹಿಂಡಲಗಾ ರನ್ನರ್

ಹೌದು, ಹಾಲ್‌ನಲ್ಲಿರೋ ಸಣ್ಣದಕ್ಕೇ.

ರಿಪೇರಿ ಕಾಕಾ

ಅದು 6 ಆಂಪ್. 230 ವೋಲ್ಟ್‌ಗೆ 6ರಿಂದ ಗುಣಿಸು, 1,380 ವ್ಯಾಟ್. ಎರಡು ಎಚ್‌ಪಿ ಕೂಡ ಆಗಲಿಲ್ಲ. ನಿನ್ನ ಯಂತ್ರ ಸತತ 4 ಎಚ್‌ಪಿ ಎಳೆಯುವಂತಿದ್ದರೆ ಆ ಪ್ಲಗ್ ಇಷ್ಟು ಹೊತ್ತಿಗೆ ಕರಗಬೇಕಿತ್ತು. ಯಂತ್ರ ಕೆಟ್ಟದ್ದು ಅನ್ನುತ್ತಿಲ್ಲ, ಚೆನ್ನಾಗಿ ಓಡುತ್ತಿದ್ದರೆ ಓಡಿಸು. ದೊಡ್ಡ ಪ್ಲಗ್‌ಗೆ ಹಾಕು, ಅರ್ಥಿಂಗ್ ಇದೆಯಾ ನೋಡಿಸು. ಎಕ್ಸ್‌ಟೆನ್ಶನ್ ಬೋರ್ಡ್ ಅಂತೂ ಬೇಡವೇ ಬೇಡ.

ಶೇಂಗಾ ಹಿಂಡಿ

ಕಾಕಾ ಒಂದು ಗುಣಾಕಾರದಲ್ಲಿ ಮಾತು ಮುಗಿಸಿಬಿಟ್ಟರು.

ಇತಿಹಾಸ ಮಾಸ್ತರ

ಸ್ವಲ್ಪ ಹಾದಿ ತಪ್ಪುತ್ತೇನೆ, ಕ್ಷಮಿಸಿ. ಟ್ರೆಡ್‌ಮಿಲ್ ಮೊದಲು ಬಂದದ್ದು ಕೈದಿಗಳಿಗೆ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಜೈಲಿಗಾಗಿ ಮೆಟ್ಟಿಲಿನ ದೊಡ್ಡ ಚಕ್ರ ಮಾಡಿದ. ಕೈದಿಗಳು ಸಾಲಾಗಿ ನಿಂತು ಗಂಟೆಗಟ್ಟಲೆ ತುಳಿಯಬೇಕು. ಕೆಲವು ಕಡೆ ಅದರಿಂದ ಕಾಳು ಬೀಸುತ್ತಿದ್ದರು, ಎಷ್ಟೋ ಕಡೆ ಸುಮ್ನೆ ಗಾಳಿ ತಿರುಗಿಸಿದಂತೆ. 1898ರ ಕಾನೂನು ಬಂದ ಮೇಲೆ ನಿಂತಿತು. ಈಗ ನಾವೇ ದುಡ್ಡು ಕೊಟ್ಟು ತರುತ್ತಿದ್ದೇವೆ.

ಜೋಳದ ರೊಟ್ಟಿ

ನೋಡಿದ್ರಾ! ಅವರೂ ಬೀಸುತ್ತಿದ್ದರು.

ಫಿಜಿಯೋ ಅಕ್ಕ

ವಿಜಯಪುರದಲ್ಲಿ ಫಿಜಿಯೋಥೆರಪಿಸ್ಟ್ ಆಗಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ವೈನಿ, ಮೊದಲು ಎಷ್ಟು ಬೇಕು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ಜೋರು ಶ್ರಮ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಮೊದಲು "ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಆದರೆ ಮಾತ್ರ ಲೆಕ್ಕ" ಎಂಬ ನಿಯಮವಿತ್ತು. 2020ರಲ್ಲಿ ಅದನ್ನು ತೆಗೆದರು. ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. "ಅರ್ಧ ಗಂಟೆ ಸಿಗಲಿಲ್ಲ, ಇವತ್ತು ಬೇಡ" ಎನ್ನುವವರೇ ನನ್ನ ಹತ್ತಿರ ಜಾಸ್ತಿ ಬರುವುದು. ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ.

ಮಧ್ಯಮ ಶ್ರಮ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಇಷ್ಟೇ ಪರೀಕ್ಷೆ. 220ರಿಂದ ವಯಸ್ಸು ಕಳೆದು ನಾಡಿ ಲೆಕ್ಕ ಹಾಕುವುದು ಅಂದಾಜು ಮಾತ್ರ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ಆ ಲೆಕ್ಕ ನಡೆಯುವುದೇ ಇಲ್ಲ, ಮಾತ್ರೆಯೇ ನಾಡಿಯನ್ನು ಕೆಳಗಿಟ್ಟಿರುತ್ತದೆ. ಅತ್ತೆಗೆ ಅಂಥ ಮಾತ್ರೆ ಇದ್ದರೆ ಯಂತ್ರದ ಪರದೆ ನೋಡಿ ಗಾಬರಿ ಬೇಡ.

ಮೊಣಕಾಲಿಗೆ ಸೈಕಲ್ ಮತ್ತು ಕ್ರಾಸ್ ಟ್ರೇನರ್ ಎರಡೂ ಹಗುರ, ಪಾದ ನೆಲಕ್ಕೆ ಬಡಿಯುವುದಿಲ್ಲ. ಆದರೆ ಸೈಕಲ್ ಸೀಟು ತಗ್ಗಿದ್ದರೆ ಮೊಣಕಾಲಿನ ಮೇಲೆ ಭಾರ ಹೆಚ್ಚುತ್ತದೆ. ನನ್ನ ಹತ್ತಿರ "ಸೈಕಲ್ ತುಳಿದು ನೋವು ಜಾಸ್ತಿ ಆಯ್ತು" ಎಂದು ಬರುವವರಲ್ಲಿ ಬಹಳ ಜನರ ಸೀಟು ತಗ್ಗಿರುತ್ತದೆ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಮೇಲೆ ತುಳಿಯುವಾಗ ಪಾದದ ಮುಂಭಾಗ ಇಡಿ. ಆಗ ಮೊಣಕಾಲು ತಾನಾಗಿ ಸ್ವಲ್ಪ ಬಾಗಿರುತ್ತದೆ.

68ರ ಅತ್ತೆಗೆ ಟ್ರೆಡ್‌ಮಿಲ್ ನಾನಂತೂ ಹೇಳುವುದಿಲ್ಲ. ಪಟ್ಟಿ ತನ್ನಷ್ಟಕ್ಕೆ ಓಡುತ್ತಿರುತ್ತದೆ, ತಲೆ ತಿರುಗಿದರೆ ಅದು ಕಾಯುವುದಿಲ್ಲ. ಸೈಕಲ್ ಆದರೆ ಕಾಲು ನಿಲ್ಲಿಸಿದರೆ ಆಯಿತು. ಬೆನ್ನಿಗೆ ಒರಗು ಇರುವ ರಿಕಂಬೆಂಟ್ ಸೈಕಲ್ ವಯಸ್ಸಾದವರಿಗೆ ಇನ್ನೂ ಚೆಂದ, ಕಾಲೆತ್ತಿ ದಾಟುವ ಕೆಲಸವಿಲ್ಲ. ಜಾಗ ಮಾತ್ರ ಹೆಚ್ಚು ತಿನ್ನುತ್ತದೆ.

ಸಕ್ಕರೆ ಇರುವವರು ಯಾವ ಯಂತ್ರವಾದರೂ ಬರಿಗಾಲಲ್ಲಿ ಹತ್ತಬೇಡಿ. ಎದೆನೋವು, ವಿಪರೀತ ಉಬ್ಬಸ ಬಂದರೆ ಅಲ್ಲೇ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ.

ಮಳೆಗಾಲ

ಫಿಜಿಯೋ ಅಕ್ಕಾರಿಗೆ ಧನ್ಯವಾದ. ಸೀಟಿನ ಮಾತು ಈಗಲೇ ಎದ್ದು ಹೋಗಿ ನೋಡಿದೆ. ನಮ್ಮನೆಯದು ಎರಡು ತೂತು ತಗ್ಗಿತ್ತು.

ಜೋಳದ ರೊಟ್ಟಿ

ಅಕ್ಕಾರ, ನನ್ನ ಮೆಟ್ಟಿಲಿನ ಬಗ್ಗೆ ಒಂದು ಮಾತೂ ಇಲ್ಲ?

ಫಿಜಿಯೋ ಅಕ್ಕ

ಹತ್ತುವುದು ಒಳ್ಳೆಯ ವ್ಯಾಯಾಮ, ನಿಜ. ಮೊಣಕಾಲು ನೋವಿರುವವರಿಗೆ ಇಳಿಯುವುದು ಕಷ್ಟ. ವೈನಿ ಹತ್ತಬಹುದು, ಅತ್ತೆಗೆ ಬೇಡ. ಮಳೆಗಾಲದಲ್ಲಿ ಹೊರಗಿನ ಮೆಟ್ಟಿಲು ಜಾರುತ್ತದೆ, ಅದೂ ನೋಡಬೇಕು.

ಗುಮ್ಮಟ ನಗರಿ

ವಿಜಯಪುರದಿಂದ ಒಬ್ಬ ಸೈಕಲ್ ಹುಚ್ಚ. ನಮ್ಮ ಜಿಲ್ಲೆ, ಬಾಗಲಕೋಟೆ ಜಿಲ್ಲೆ, ಎರಡೂ ಸೈಕಲಿಸ್ಟ್‌ಗಳ ಊರು. ರಾಷ್ಟ್ರಮಟ್ಟದಲ್ಲಿ ಪದಕ ತಂದವರು ಇಲ್ಲಿ ಎಷ್ಟೋ ಜನ. ಮನೆಯಲ್ಲಿ ಮಕ್ಕಳ ಗೇರ್ ಸೈಕಲ್ ಇದ್ದರೆ ಹೊಸ ಯಂತ್ರ ಯಾಕೆ? ಹಿಂದಿನ ಚಕ್ರಕ್ಕೆ ಹಾಕುವ ಟ್ರೇನರ್ ಸ್ಟ್ಯಾಂಡ್ ಸಿಗುತ್ತದೆ. ಹಿಂದಿನ ಗಾಲಿ ನೆಲದಿಂದ ಎದ್ದು ಒಂದು ರೋಲರ್ ಮೇಲೆ ತಿರುಗುತ್ತದೆ. ಮಳೆ ನಿಂತ ಮೇಲೆ ಅದೇ ಸೈಕಲ್ ಬಿಚ್ಚಿಕೊಂಡು ರಸ್ತೆಗೆ ಹೋಗಬಹುದು. ನಾನು ಬೇಸಿಗೆಯ ಮಧ್ಯಾಹ್ನ ಹೀಗೇ ತುಳಿಯುತ್ತೇನೆ.

ಎರಡು ತೊಂದರೆ ಹೇಳಿಬಿಡುತ್ತೇನೆ. ಟೈರ್ ಬೇಗ ಸವೆಯುತ್ತದೆ, ಸದ್ದು ಇರುತ್ತದೆ. ಹಾಲಿನವರ ಸಾದಾ ಸೈಕಲ್ ಇದಕ್ಕೆ ಕೂರುವುದು ಕಷ್ಟ. ಇನ್ನೊಂದು ವಿಷಯ, ಒಳಗೆ ತುಳಿಯುವಾಗ ಎದುರು ಗಾಳಿ ಇರುವುದಿಲ್ಲವಲ್ಲ, ಬೆವರು ಧಾರಾಕಾರ. ಟೇಬಲ್ ಫ್ಯಾನ್ ಮುಂದೆ ಇಡಲೇಬೇಕು. ಯಾವ ಯಂತ್ರವಾದರೂ ಇದು ಅನ್ವಯ. ಫ್ಯಾನ್ ಇಲ್ಲದೇ ಹತ್ತು ನಿಮಿಷಕ್ಕೆ ಸುಸ್ತಾಗಿ "ನನಗೆ ಸ್ಟ್ಯಾಮಿನಾ ಇಲ್ಲ" ಎಂದು ಬಿಟ್ಟವರನ್ನು ಕಂಡಿದ್ದೇನೆ.

ವಡಗಾವಿ ಹುಡುಗ

ರೋಯಿಂಗ್ ಮೆಷಿನ್ ಬಗ್ಗೆ ಯಾರೂ ಹೇಳಲಿಲ್ಲ! ದೋಣಿ ಹುಟ್ಟು ಹಾಕಿದಂತೆ ಕಾಲು, ಬೆನ್ನು, ಕೈ ಎಲ್ಲಾ ಕೆಲಸ ಮಾಡುತ್ತವೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ, ಇಡೀ ದಿನ ಕೂತಿರುತ್ತೇನೆ. ಇದು ಬಂದ ಮೇಲೆ ಬೆನ್ನು ಸರಿಯಾಯ್ತು.

ಫಿಜಿಯೋ ಅಕ್ಕ

ಕಲಿತು ಮಾಡಿದರೆ ಬಹಳ ಒಳ್ಳೆಯದು. ಮೊದಲು ಕಾಲು ಒತ್ತಬೇಕು, ಆಮೇಲೆ ಬೆನ್ನು ಹಿಂದೆ, ಕೊನೆಗೆ ಕೈ. ವಾಪಸ್ ಬರುವಾಗ ಉಲ್ಟಾ. ಹೆಚ್ಚಿನವರು ಬೆನ್ನು ಬಾಗಿಸಿ ಕೈಯಿಂದಲೇ ಜಗ್ಗುತ್ತಾರೆ, ಸೊಂಟ ಹಿಡಿಯುತ್ತದೆ. ವೈನಿಯ ಅತ್ತೆಗಂತೂ ನೆಲದ ಮಟ್ಟದಿಂದ ಏಳುವುದೇ ಕಷ್ಟ.

ವಡಗಾವಿ ಹುಡುಗ

ಅದು ನಿಜ. ಜಾಗವೂ ಎಂಟು ಅಡಿ ಬೇಕು. ಅವ್ವ ನೆಲ ಒರೆಸುವಾಗ ದಿನಾ ಬೈಯುತ್ತಾಳೆ.

ತಿಲಕವಾಡಿ ವೈನಿ

ಇಷ್ಟು ಉತ್ತರ ಬರುತ್ತವೆ ಎಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ನವನಗರದ ಅಣ್ಣಾರ ಮಾತು ಓದಿ ಇವತ್ತು ಮನೆ ಅಳೆದೆ. ಹಾಲ್‌ನಲ್ಲಿ ಟಿವಿ ಎದುರು ಸೋಫಾ ಪಕ್ಕ ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ ಸಿಗುತ್ತದೆ. ಬೇರೆ ಕಡೆ ಎಂದರೆ ಬಾಲ್ಕನಿ, ಅಲ್ಲಿಗೆ ಮಳೆ ಎರಚುತ್ತದೆ.

ಇನ್ನೊಂದು ಮಾತು. ನನಗೆ ಹೊತ್ತು ಸಿಗುವುದು ರಾತ್ರಿ ಊಟ ಆದ ಮೇಲೆ, ಒಂಬತ್ತರ ಸುಮಾರಿಗೆ. ಬೆಳಿಗ್ಗೆ ರೊಟ್ಟಿ, ಡಬ್ಬಿ, ಅತ್ತೆಯ ಕಷಾಯ, ಅದರಲ್ಲಿ ಆಗುವುದೇ ಇಲ್ಲ. ಕೆಳಗಿನ ಮನೆಯಲ್ಲಿ ಸಣ್ಣ ಕೂಸಿದೆ, ಒಂಬತ್ತಕ್ಕೆ ಮಲಗಿರುತ್ತದೆ.

ಹಿಂಡಲಗಾ ರನ್ನರ್

ಟ್ರೆಡ್‌ಮಿಲ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ, ಸದ್ದೇ ಬರುವುದಿಲ್ಲ.

ಶೇಂಗಾ ಹಿಂಡಿ

ನೀವು ಓಡುವಾಗ ನಿಮ್ಮ ಕೆಳಗಿನ ಮನೆಯವರು ಏನಂತಾರೆ ಅಣ್ಣಾ?

ಹಿಂಡಲಗಾ ರನ್ನರ್

ನಮ್ಮದು ಗ್ರೌಂಡ್ ಫ್ಲೋರ್.

ಶೇಂಗಾ ಹಿಂಡಿ

🙏

ರಿಪೇರಿ ಕಾಕಾ

ನಾಲ್ಕು ಅಡಿ ಉದ್ದದಲ್ಲಿ ಟ್ರೆಡ್‌ಮಿಲ್ ಕೂರುವುದಿಲ್ಲ ವೈನಿ. ಓಡುವ ಪಟ್ಟಿಯೇ ನಾಲ್ಕು ಅಡಿಯ ಹತ್ತಿರ ಇರುತ್ತದೆ, ಅದಕ್ಕೆ ಮೋಟರಿನ ಭಾಗ ಬೇರೆ. ಹಿಂದೆಯೂ ಜಾಗ ಖಾಲಿ ಬಿಡಬೇಕು. ಜಾರಿದರೆ ಗೋಡೆಗೂ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳಬಾರದು. ಮನೆಗೆ ಸಣ್ಣ ಮಕ್ಕಳು ಬರುತ್ತಿದ್ದರೆ ಇನ್ನೂ ಎಚ್ಚರ. ಓಡುತ್ತಿರುವ ಪಟ್ಟಿಗೆ ಕೈ ಸಿಕ್ಕಿದರೆ ಚರ್ಮ ಸುಡುತ್ತದೆ. ಆ ಕೆಂಪು ಸೇಫ್ಟಿ ಕೀ ಇರುತ್ತದಲ್ಲ, ಕೆಲಸ ಆದ ಮೇಲೆ ಅದನ್ನು ಕಿತ್ತು ಕಪಾಟಿನಲ್ಲಿ ಇಡಬೇಕು. ಯಾರೂ ಇಡುವುದಿಲ್ಲ.

ಎಣ್ಣೆಯ ವಿಷಯ ಬಂದಿಲ್ಲ, ಹೇಳಿಬಿಡುತ್ತೇನೆ. ಪಟ್ಟಿಯ ಕೆಳಗೆ ಆಗಾಗ ಸಿಲಿಕಾನ್ ಎಣ್ಣೆ ಹಾಕಬೇಕು. ಒಣಗಿದರೆ ಪಟ್ಟಿ ಉಜ್ಜಿ, ಮೋಟರ್ ಮೇಲೆ ಭಾರ ಬಿದ್ದು, ಬೋರ್ಡ್ ಹೋಗುತ್ತದೆ. ಒಬ್ಬರು ಮನೆಯಲ್ಲಿದ್ದ ಶೇಂಗಾ ಎಣ್ಣೆ ಹಾಕಿದ್ದರು. ಯಂತ್ರ ಬಿಚ್ಚಿದಾಗ ಹಾಲ್ ತುಂಬಾ ಭಜಿ ವಾಸನೆ. ಪಟ್ಟಿ ಬದಲಿಸಬೇಕಾಯಿತು.

ಶೇಂಗಾ ಹಿಂಡಿ

ನನ್ನ ಹೆಸರಿಗೆ ಮಸಿ ಬಳಿಯುವ ಹುನ್ನಾರ ಇದು.

ಜಮಖಂಡಿ ಅಳಿಯ

ಕ್ರಾಸ್ ಟ್ರೇನರ್ ಹೇಳುವ ತಂಗಿಗೆ ನನ್ನ ಕಡೆಯಿಂದ ಒಂದು ಮಾತು. ಅಗ್ಗದ ಕ್ರಾಸ್ ಟ್ರೇನರ್‌ಗಳಲ್ಲಿ ಹೆಜ್ಜೆಯ ಅಳತೆ ಗಿಡ್ಡ. ನಾನು ಆರಡಿ ಇದ್ದೇನೆ, ಅದರ ಮೇಲೆ ನಿಂತರೆ ನಡೆದಂತೆ ಆಗುವುದಿಲ್ಲ, ಕುಣಿದಂತೆ ಆಗುತ್ತದೆ. ಒಳ್ಳೆಯದು ಬೇಕೆಂದರೆ ಉದ್ದವೂ ಹೆಚ್ಚು, ಬೆಲೆಯೂ ಹೆಚ್ಚು. ಪೆಡಲ್ ಮೇಲೆ ನಿಂತಾಗ ತಲೆ ಎತ್ತರಕ್ಕೆ ಹೋಗುತ್ತದೆ, ಮೇಲೆ ಫ್ಯಾನ್ ಇದ್ದರೆ ನೋಡಿಕೊಳ್ಳಿ. ನಾಲ್ಕು ಅಡಿಯಲ್ಲಿ ಇದರ ಆಸೆ ಬಿಡಿ.

ಮಳೆಗಾಲ

ವಾಕಿಂಗ್ ಪ್ಯಾಡ್? ತೆಳ್ಳಗಿನ ಟ್ರೆಡ್‌ಮಿಲ್ ಇರುತ್ತದಲ್ಲ, ಸೋಫಾ ಕೆಳಗೆ ತಳ್ಳಬಹುದು.

ನವನಗರ ಸೆಕ್ಟರ್

ತಳ್ಳಿದ್ದು ವಾಪಸ್ ಬರಬೇಕಲ್ಲ. ಹಿಡಿಯಲು ಕಂಬಿಯೂ ಇಲ್ಲ ಎಷ್ಟೋ ಮಾಡೆಲ್‌ಗಳಲ್ಲಿ. ಕರೆಂಟ್ ಹೋದಾಗ ಪಟ್ಟಿ ನಿಂತುಬಿಡುತ್ತದೆ, ಕಂಬಿ ಹಿಡಿದಿರದಿದ್ದರೆ ಮುಗ್ಗರಿಸುತ್ತೇವೆ. ಮನೆಯ ಇನ್ವರ್ಟರ್ ಮೇಲೆ ಟ್ರೆಡ್‌ಮಿಲ್ ಓಡಿಸುವ ಹುಚ್ಚು ಸಾಹಸಕ್ಕೂ ಹೋಗಬೇಡಿ. ಸೈಕಲ್‌ಗೆ ಕರೆಂಟೇ ಬೇಡ, ಪರದೆಗೆ ಎರಡು ಸೆಲ್ ಹಾಕಿದರೆ ಮುಗಿಯಿತು.

ಗುಮ್ಮಟ ನಗರಿ

ಹೌದು. ಒಂಬತ್ತು ಗಂಟೆ, ಕೆಳಗೆ ಕೂಸು, ನಾಲ್ಕು ಅಡಿ ಜಾಗ, ಎದುರಿಗೆ ಟಿವಿ, ಮೊಣಕಾಲು ನೋವಿನ ಅತ್ತೆ. ವೈನಿ, ನಿಮ್ಮ ಮನೆಯೇ ಸೈಕಲ್ ಅಂತ ಹೇಳುತ್ತಿದೆಯಲ್ಲ.

ತಗೊಂಡರೆ ಮ್ಯಾಗ್ನೆಟಿಕ್ ರೆಸಿಸ್ಟೆನ್ಸ್ ಇರುವುದನ್ನೇ ನೋಡಿ. ಅಯಸ್ಕಾಂತ ಚಕ್ರವನ್ನು ಮುಟ್ಟದೆಯೇ ತಡೆ ಕೊಡುತ್ತದೆ, ಸದ್ದಿಲ್ಲ, ಸವೆಯುವುದಿಲ್ಲ. ಅಗ್ಗದ ಕೆಲವದರಲ್ಲಿ ಬಟ್ಟೆಯ ಪ್ಯಾಡ್ ಚಕ್ರಕ್ಕೆ ಒತ್ತುತ್ತದೆ. ಸವೆದ ಮೇಲೆ ಕಿರ್ ಕಿರ್ ಶುರು. ಮುಂದೆ ದೊಡ್ಡ ಫ್ಯಾನ್ ತಿರುಗುವ ಏರ್ ಬೈಕ್ ಜಿಮ್‌ಗೆ ಚೆಂದ. ಜೋರಾಗಿ ತುಳಿದಷ್ಟೂ ಸದ್ದು, ರಾತ್ರಿಗೆ ಬೇಡ.

ಹಿಂಡಲಗಾ ರನ್ನರ್

ಆದರೆ ಸೈಕಲ್‌ನಲ್ಲಿ ಕ್ಯಾಲೊರಿ ಕಡಿಮೆ ಸುಡುತ್ತದೆ. ನನ್ನ ಟ್ರೆಡ್‌ಮಿಲ್ 20 ನಿಮಿಷಕ್ಕೆ 400 ತೋರಿಸುತ್ತದೆ.

ಫಿಜಿಯೋ ಅಕ್ಕ

ಪರದೆ ಏನು ಬೇಕಾದರೂ ತೋರಿಸುತ್ತದೆ ತಮ್ಮಾ. ಅದಕ್ಕೆ ನಿನ್ನ ತೂಕ ಹಾಕಿದ್ದೀಯಾ? ಹಾಕಲು ಜಾಗವೇ ಇಲ್ಲದಿದ್ದರೆ ಯಾರ ತೂಕದ ಲೆಕ್ಕ ಅದು? 70 ಕೆ.ಜಿ.ಯವರು ಒಂದು ಕಿ.ಮೀ. ನಡೆದರೆ ಸುಮಾರು 50 ಕ್ಯಾಲೊರಿ. ಓಡಿದರೆ ಇನ್ನೂ ಸ್ವಲ್ಪ ಹೆಚ್ಚು, 70ರ ಆಸುಪಾಸು. 20 ನಿಮಿಷದಲ್ಲಿ 400 ಆಗಬೇಕೆಂದರೆ ನೀನು ಐದೂಮುಕ್ಕಾಲು ಕಿ.ಮೀ. ಓಡಿರಬೇಕು.

ಹಿಂಡಲಗಾ ರನ್ನರ್

ಮೂರು ಓಡುತ್ತೇನೆ.

ಫಿಜಿಯೋ ಅಕ್ಕ

ಮೂರೂ ಒಳ್ಳೆಯದೇ. ಪರದೆ ನೋಡಿ ರಾತ್ರಿ ಕುಂದಾ ಹೆಚ್ಚು ತಿನ್ನಬೇಡ, ಅಷ್ಟೇ.

ವೈನಿ, ನಿಮ್ಮ ಹೊತ್ತು ನನಗೆ ಹಿಡಿಸಿತು. ಊಟವಾದ ಮೇಲೆ ಸ್ನಾಯು ಕೆಲಸ ಮಾಡಿದರೆ ರಕ್ತದಲ್ಲಿ ಏರುತ್ತಿರುವ ಸಕ್ಕರೆಯನ್ನು ಅದು ಬಳಸಿಕೊಳ್ಳುತ್ತದೆ. ಊಟದ ನಂತರ ಹತ್ತು ಹದಿನೈದು ನಿಮಿಷ ಹಗುರವಾಗಿ ತುಳಿದರೂ ಉಪಯೋಗವಿದೆ. ಜೋರು ಬೇಡ, ಹೊಟ್ಟೆ ತೊಳಸುತ್ತದೆ.

ಜೋಳದ ರೊಟ್ಟಿ

ಆ ಹೊತ್ತಿಗೆ ಧಾರಾವಾಹಿ. ಎರಡೂ ಒಟ್ಟಿಗೇ ಆಗುತ್ತದೆ. ಇದು ನನಗೂ ಸೇರಿತು ನೋಡಿ.

ಮಳೆಗಾಲ

ನಮ್ಮನೆಯಲ್ಲಿ ಅದೇ ನಿಯಮ. ಸೋಫಾ ಮೇಲೆ ಕೂತು ಧಾರಾವಾಹಿ ನೋಡುವಂತಿಲ್ಲ, ಸೈಕಲ್ ಮೇಲೆ ಕೂತೇ ನೋಡಬೇಕು. ಅತ್ತೆ-ಸೊಸೆ ಜಗಳ ಜೋರಾದಾಗ ತಾನಾಗಿ ಸ್ಪೀಡ್ ಏರುತ್ತದೆ. ಜಾಹೀರಾತು ಬಂದಾಗ ನಿಧಾನ. ಇಂಟರ್‌ವಲ್ ಟ್ರೇನಿಂಗ್ ಅಂದರೆ ಇದೇ ಅಲ್ವಾ ಅಕ್ಕಾ?

ಫಿಜಿಯೋ ಅಕ್ಕ

ಹೆಚ್ಚು ಕಡಿಮೆ ಅದೇ 😂

ಇತಿಹಾಸ ಮಾಸ್ತರ

ತಾಲೀಮು, ಗರಡಿ ಮನೆ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ದಂಡ, ಬೈಠಕ್ ಹೊಡೆಯಲು ಯಾವ ಸ್ಟೆಬಿಲೈಸರ್ ಬೇಕು? ನಮ್ಮ ಕಡೆ ಪ್ರತಿ ಊರಲ್ಲೂ ಪೈಲ್ವಾನರಿದ್ದರು.

ಗುಮ್ಮಟ ನಗರಿ

ಮಾಸ್ತರ, ಗರಡಿ ಮನೆಗೆ ಹೋಗಲು ಜೊತೆಗಾರರಿದ್ದರು. ಒಂದು ದಿನ ತಪ್ಪಿದರೆ ಉಸ್ತಾದರು ಬೈಯುತ್ತಿದ್ದರು. ಮನೆಯ ಯಂತ್ರಕ್ಕೆ ಬೈಯುವವರು ಇರುವುದಿಲ್ಲ, ಕಷ್ಟ ಅಲ್ಲೇ ಇದೆ.

ಇತಿಹಾಸ ಮಾಸ್ತರ

ಮಾತು ಒಪ್ಪಿದೆ. ಆದರೂ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಬೇಕೆಂದು ಅಕ್ಕಾರೇ ಬರೆದಿದ್ದಾರೆ. ಅದಕ್ಕೆ ಬೈಠಕ್ ಸಾಕಲ್ಲ?

ಫಿಜಿಯೋ ಅಕ್ಕ

ವೈನಿಗೆ ಕುರ್ಚಿ ಹಿಡಿದು ಅರ್ಧ ಬೈಠಕ್ ಸಾಕು. ಅತ್ತೆಗೆ ಕುರ್ಚಿಯಿಂದ ಏಳುವುದು, ಕೂರುವುದು. ಅದೇ ಅವರ ಬೈಠಕ್.

ತಿಲಕವಾಡಿ ವೈನಿ

ಸೈಕಲ್ ಎಂದು ಹೆಚ್ಚುಕಡಿಮೆ ನಿರ್ಧಾರ ಆಯಿತು. ಇವತ್ತು ಅತ್ತೆಯನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿದೆ. ಸಾದಾ ಅಪ್‌ರೈಟ್ ಸೈಕಲ್ ಮೇಲೆ ಕಾಲೆತ್ತಿ ದಾಟುವುದು ಅವರಿಗೆ ಆಗಲಿಲ್ಲ. ನಡುವೆ ತಗ್ಗಾಗಿರುವ ಮಾಡೆಲ್ ಒಂದಿತ್ತು, ಅದನ್ನು ಹತ್ತಿದರು. ಇಳಿಯಲೇ ಒಪ್ಪಲಿಲ್ಲ! ಅಂಗಡಿಯವರು ಚಹಾ ತರಿಸಿದರು. ರಿಕಂಬೆಂಟ್ ಇನ್ನೂ ಆರಾಮ ಇತ್ತು, ಆದರೆ ಅಳತೆ ಟೇಪ್ ಒಯ್ದಿದ್ದೆ, ನಮ್ಮ ಜಾಗಕ್ಕೆ ಬರುವುದಿಲ್ಲ.

ಯಜಮಾನರು ಮಾತ್ರ ಮುಖ ಊದಿಸಿಕೊಂಡಿದ್ದಾರೆ. ಅವರಿಗೆ ಟ್ರೆಡ್‌ಮಿಲ್ಲೇ ಆಗಬೇಕಂತೆ.

ರಿಪೇರಿ ಕಾಕಾ

ಯಜಮಾನರು ಈಗ ನಡೆಯುತ್ತಾರಾ?

ತಿಲಕವಾಡಿ ವೈನಿ

ಇಲ್ಲ. ಟ್ರೆಡ್‌ಮಿಲ್ ಬಂದ ಮೇಲೆ ಶುರು ಮಾಡುತ್ತಾರಂತೆ.

ರಿಪೇರಿ ಕಾಕಾ

ಹಾಗಾದರೆ ಈಗ ಅವರ ಮಾತಿಗೆ ಅರ್ಧ ವೋಟು ಮಾತ್ರ. ಅಕ್ಟೋಬರ್‌ನಿಂದ ಮೇ ತನಕ ಮೈದಾನ ಖಾಲಿ ಇರುತ್ತದೆ, ದುಡ್ಡಿಲ್ಲದೆ ನಡೆಯಲಿ. ಒಂದು ವರ್ಷ ನಡೆದರೆ ನಾನೇ ಒಳ್ಳೆಯ ಸೆಕೆಂಡ್ ಹ್ಯಾಂಡ್ ಹುಡುಕಿ ಕೊಡುತ್ತೇನೆ. ಹೊಸ ವರ್ಷದ ಹುರುಪಿನಲ್ಲಿ ತಂದವರು ಯುಗಾದಿ ಹೊತ್ತಿಗೆ ಮಾರಲು ಕೂತಿರುತ್ತಾರೆ, ಯಾವ ವರ್ಷವೂ ತಪ್ಪಿಲ್ಲ.

ಹಳೆಯದು ನೋಡಲು ಹೋದರೆ ಸುಮ್ನೆ ಆನ್ ಮಾಡಿ ನೋಡಿ ಬರಬೇಡಿ. ಮನೆಯಲ್ಲಿ ಜಾಸ್ತಿ ತೂಕ ಇರುವವರನ್ನು ಇಪ್ಪತ್ತು ನಿಮಿಷ ಅದರ ಮೇಲೆ ನಡೆಸಿ. ಸುಟ್ಟ ವಾಸನೆ ಬಂತಾ, ಪಟ್ಟಿ ಒಂದು ಬದಿಗೆ ಸರಿಯಿತಾ, ಕಾಲಿಟ್ಟಾಗ ತಡೆದಂತೆ ಆಯಿತಾ ನೋಡಿ. ಪಟ್ಟಿಯ ಅಂಚು ಹರಿದಿದ್ದರೆ ಬೇಡ. ಸೇಫ್ಟಿ ಕೀ ಕೇಳಿ ಇಸ್ಕೊಳ್ಳಿ.

ವಡಗಾವಿ ಹುಡುಗ

ವೈನಿ, ಒಂದು ಮಾತು. ನಮ್ಮ ಮನೆಯಲ್ಲಿ ಅಕ್ಕನ ಸೈಕಲ್ ಇದೆ. ಮ್ಯಾಗ್ನೆಟಿಕ್, ನಡುವೆ ತಗ್ಗಿರುವುದೇ. ಅವಳು ಮದುವೆಯಾಗಿ ಪುಣೆಗೆ ಹೋದಳು, ನಾನು ರೋಯಿಂಗ್‌ನವನು. ಸುಮ್ನೆ ನಿಂತಿದೆ. ಈ ಮಳೆಗಾಲಕ್ಕೆ ಒಯ್ಯಿರಿ. ಅತ್ತೆ, ನೀವು ಇಬ್ಬರೂ ತುಳಿದು ನೋಡಿ, ಒಗ್ಗಿದರೆ ಆಮೇಲೆ ಹೊಸದು ತಗೊಳ್ಳಿ. ಬಾಡಿಗೆ ಬೇಡ, ಒಂದು ಡಬ್ಬಿ ಕುಂದಾ ಸಾಕು.

ಫಿಜಿಯೋ ಅಕ್ಕ

ಕುಂದಾ ಬೇಡ ಅಂತ ಈಗಷ್ಟೇ ಹೇಳಿದೆ!

ವಡಗಾವಿ ಹುಡುಗ

ನನಗೆ ಸಕ್ಕರೆ ಇಲ್ಲ ಅಕ್ಕಾ.

ತಿಲಕವಾಡಿ ವೈನಿ

ತಮ್ಮಾ, ಬಹಳ ಉಪಕಾರ ಆಯಿತು. ಭಾನುವಾರ ಯಜಮಾನರನ್ನು ಕರೆದುಕೊಂಡು ಬರುತ್ತೇನೆ, ವಿಳಾಸ ಮೆಸೇಜ್ ಮಾಡು. ಒಂದೇ ಚಿಂತೆ, ಎರಡು ಮಹಡಿ ಹೊತ್ತು ತರುವುದು. ನಮ್ಮ ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಪೆಡಲ್ ಗೋಡೆಗೆ ಬಡಿಯುತ್ತದೆ ಅನ್ನಿಸುತ್ತದೆ. ಬಿಚ್ಚಬಹುದಾ?

ರಿಪೇರಿ ಕಾಕಾ

ಬಿಚ್ಚಬಹುದು. 15 ನಂಬರ್ ಪಾನಾ ಬೇಕು. ಬಲಗಡೆ ಪೆಡಲ್ ಮಾಮೂಲಿ ಥ್ರೆಡ್, ಎಡಗಡೆಯದು ಉಲ್ಟಾ. ಎಡಗಡೆಯದನ್ನು ಮಾಮೂಲಿಯಂತೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ, ಆಮೇಲೆ ನನ್ನನ್ನೇ ಕರೆಯಬೇಕು. ನೆನಪಿಗೆ ಸುಲಭದ ದಾರಿ: ಪಾನಾವನ್ನು ಮೇಲ್ಮುಖವಾಗಿ ಹಾಕಿ. ಎರಡೂ ಕಡೆ ಸೈಕಲ್‌ನ ಹಿಂಭಾಗಕ್ಕೆ ತಳ್ಳಿದರೆ ಸಡಿಲ, ಮುಂಭಾಗಕ್ಕೆ ತಳ್ಳಿದರೆ ಬಿಗಿ. ಪೆಡಲ್ ಮೇಲೆ ಎಲ್, ಆರ್ ಅಂತ ಇಂಗ್ಲಿಷ್ ಅಕ್ಷರ ಇರುತ್ತದೆ, ಅದಲು ಬದಲು ಮಾಡಬೇಡಿ. ಸೀಟು ಕಿತ್ತು ಬೇರೆ ತನ್ನಿ, ಹ್ಯಾಂಡಲ್ ಹಿಡಿದು ಎತ್ತಬೇಡಿ. ಭಾರ ಎಲ್ಲಾ ಮುಂದಿನ ಚಕ್ರದ ಕಡೆ ಇರುತ್ತದೆ, ಆ ಬದಿಗೆ ಯಜಮಾನರನ್ನು ನಿಲ್ಲಿಸಿ.

ಶೇಂಗಾ ಹಿಂಡಿ

ಯಜಮಾನರ ಕಾರ್ಡಿಯೋ ಭಾನುವಾರದಿಂದಲೇ ಶುರು.